ಏಳನೇ ತಿಂಗಳ ಚೀಟಿ

ಪ್ರಾಜೆಕ್ಟಿನ ವೈವಾ ಪರೀಕ್ಷೆಗೆ ಇನ್ನು ಒಂದೇ ದಿನ ಇದೆ ಎನ್ನುವಾಗ ಗೈಡ್ ಮೇಡಂ ಫೋನ್ ಮಾಡಿ, ಇದ್ದ ಹಾಗೆ ಡಿಪಾರ್ಟ್‌ಮೆಂಟಿಗೆ ಬಾ ಎಂದರು. ತಲೆಗೆ ನೀರು ಹಾಕಿಕೊಂಡು ಕುಂಬಾರಕೊಪ್ಪಲಿನ ನಮ್ಮ ಮನೆಯ ತಾರಸಿಯಲ್ಲಿ ಕೂದಲು ಒಣಗಿಸುತ್ತಾ ಕೂತಿದ್ದೆ. ಒದ್ದೆ ಕೂದಲನ್ನೇ ಗಂಟು ಕಟ್ಟಿಕೊಂಡು ಸಿಟಿ ಬಸ್ ಹತ್ತಿದೆ. ಮೇಡಂ ಸುಮ್ಮಸುಮ್ಮನೆ ಕರೆಯುವವರಲ್ಲ. ಬಸ್ಸು ಪ್ರತಿ ಸ್ಟಾಪಿನಲ್ಲಿ ನಿಂತಾಗಲೂ ನನಗೆ ಡ್ರೈವರ್ ಮೇಲೆ ಸಿಟ್ಟು ಬರುತ್ತಿತ್ತು.

ಮೇಡಂ ನನ್ನ ಪ್ರಾಜೆಕ್ಟ್ ರಿಪೋರ್ಟನ್ನು ಮೇಜಿನ ಮೇಲೆ ತೆರೆದಿಟ್ಟಿದ್ದರು. ನಲವತ್ತು ಸಂಖ್ಯೆಗಳ ಒಂದು ಪಟ್ಟಿ, ಅದರಲ್ಲಿ ಏಳನೆಯದರ ಸುತ್ತ ಪೆನ್ಸಿಲಿನ ಗುಂಡು ಗೆರೆ. ಪಕ್ಕದಲ್ಲಿ ಹೊರಗಿನಿಂದ ಬರಲಿದ್ದ ಪರೀಕ್ಷಕರ ಅಕ್ಷರ: ಈ ಬೆಲೆಗೆ ಯಾವ ಹರಾಜೂ ಮುಗಿಯುವುದಿಲ್ಲ, ಮೂಲ ದಾಖಲೆ ತರಲಿ. ನಾನು ಮನೆಯಲ್ಲಿ ಕೂತು ಅಂಕಿಗಳನ್ನು ಹೊಸೆದಿದ್ದೇನೆ ಎಂಬುದು ಅವರ ಅನುಮಾನ. ಅದನ್ನು ಅಲ್ಲ ಎಂದು ತೋರಿಸದಿದ್ದರೆ ಪ್ರಾಜೆಕ್ಟ್ ಫೇಲು, ಪ್ರಾಜೆಕ್ಟ್ ಫೇಲಾದರೆ ಈ ವರ್ಷ ಡಿಗ್ರಿ ಇಲ್ಲ, ಡಿಗ್ರಿ ಇಲ್ಲದಿದ್ದರೆ ಎಂ.ಎ. ಸೀಟೂ ಇಲ್ಲ ಎಂದು ಮೇಡಂ ಮುಚ್ಚುಮರೆ ಇಲ್ಲದೆ ಹೇಳಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾನು ಹುಟ್ಟಿ ಬೆಳೆದ ಬಡಾವಣೆಯ ಹೆಸರಿಗೆ ಈ ಗಾದೆ ಇಷ್ಟು ಚೆನ್ನಾಗಿ ಹೊಂದುತ್ತದೆ ಎಂದು ಅವತ್ತಿನವರೆಗೆ ಗೊತ್ತಿರಲಿಲ್ಲ.

ಆ ರಿಪೋರ್ಟಿನ ಕಥೆ ಸ್ವಲ್ಪ ಹೇಳಬೇಕು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಬಿ.ಎ.ಗೆ ಹಣಕಾಸು ಅರ್ಥಶಾಸ್ತ್ರ ತೆಗೆದುಕೊಂಡಾಗ ಪುಸ್ತಕದ ಇಂಗ್ಲಿಷು ಕಬ್ಬಿಣದ ಕಡಲೆಯಾಗಿತ್ತು. ಮೊದಲ ವರ್ಷ ಪೂರ್ತಿ ಹಿಂದಿನ ಬೆಂಚಿನಲ್ಲಿ ಕೂತು ಹಲ್ಲು ಕಚ್ಚಿಕೊಂಡು ನೋಟ್ಸ್ ಬರೆದೆ. ಎರಡನೇ ವರ್ಷದಲ್ಲಿ ಒಂದು ದಿನ ಮೇಡಂ, ಇವತ್ತು ಕೈಯಲ್ಲಿರುವ ನೂರು ರೂಪಾಯಿಯೂ ಮುಂದಿನ ವರ್ಷ ಬರುವ ನೂರು ರೂಪಾಯಿಯೂ ಒಂದೇ ಅಲ್ಲ, ಈಗಲೇ ಬೇಕೆಂದವರು ಏನಾದರೂ ಬಿಟ್ಟುಕೊಡಬೇಕು ಎಂದು ಪಾಠ ಮಾಡಿದರು. ಇಡೀ ತರಗತಿ ಹುಬ್ಬು ಗಂಟಿಕ್ಕಿಕೊಂಡು ಬರೆದುಕೊಳ್ಳುತ್ತಿತ್ತು. ನನಗೆ ನಗು ಬಂತು. ನಮ್ಮ ಬೀದಿಯ ಹೆಂಗಸರು ಪ್ರತಿ ತಿಂಗಳು ಹತ್ತನೇ ತಾರೀಕು ಜಗಲಿಯ ಮೇಲೆ ಕೂತು ಇದನ್ನೇ ಅಲ್ಲವೇ ಮಾಡುವುದು ಎನಿಸಿತು. ಅವತ್ತಿನಿಂದ ಪಾಠ ನನ್ನ ತಲೆಗೆ ಹತ್ತಿತು, ಜೊತೆಗೆ ಕೊಬ್ಬೂ ಹತ್ತಿತು.

ಅವರು ಮಾಡುತ್ತಿದ್ದದ್ದು ಚೀಟಿ. ಇಪ್ಪತ್ತು ಜನ ಹೆಂಗಸರು ತಿಂಗಳಿಗೆ ಐದು ಸಾವಿರ ಹಾಕಿದರೆ ಒಂದು ಲಕ್ಷ ಸೇರುತ್ತದೆ. ಆ ತಿಂಗಳು ಯಾರಿಗೆ ಹಣ ಬೇಕೋ ಅವರು ಚೀಟಿ ಕೂಗುತ್ತಾರೆ, ಅಂದರೆ ಲಕ್ಷದಲ್ಲಿ ಎಷ್ಟು ಬಿಟ್ಟುಕೊಟ್ಟು ಮಿಕ್ಕದ್ದನ್ನು ಎತ್ತುತ್ತೇವೆ ಎಂದು ಹರಾಜು ಕೂಗುತ್ತಾರೆ. ನಾನು ಹತ್ತು ಸಾವಿರ ಬಿಡ್ತೀನಿ, ನಾನು ಹದಿನೈದು ಬಿಡ್ತೀನಿ ಎಂದು ಕೂಗು ಏರುತ್ತದೆ. ಹೆಚ್ಚು ಬಿಟ್ಟವರಿಗೆ ಚೀಟಿ, ಅವರು ಬಿಟ್ಟ ಹಣ ಎಲ್ಲರಿಗೂ ಸಮನಾಗಿ ಹಂಚಿಕೆ. ಹೀಗೆ ಇಪ್ಪತ್ತು ತಿಂಗಳಲ್ಲಿ ಇಪ್ಪತ್ತು ಜನರೂ ಒಂದೊಂದು ಸಲ ಎತ್ತುತ್ತಾರೆ. ಯಾರು ಯಾವ ತಿಂಗಳು ಎಷ್ಟು ಬಿಟ್ಟರು ಎಂಬುದು ಗೊತ್ತಾದರೆ ಅವರು ಕಟ್ಟಿದ ಬಡ್ಡಿ ಎಷ್ಟು ಎಂದು ಲೆಕ್ಕ ಹಾಕಬಹುದು. ಜೊತೆಯವರೆಲ್ಲ ಪ್ರಾಜೆಕ್ಟಿಗೆ ಇಂಟರ್ನೆಟ್ಟಿನಿಂದ ಷೇರು ಬೆಲೆಗಳನ್ನು ಇಳಿಸಿಕೊಂಡರು. ನಾನು ಚೀಟಿ ತೆಗೆದುಕೊಂಡೆ.

ಚೀಟಿ ನಡೆಸುತ್ತಿದ್ದವರು ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಯಜಮಾನಿ. ರಕ್ತ ಸಂಬಂಧ ಇಲ್ಲದಿದ್ದರೂ ನಾನು ಅವರನ್ನು ದೊಡ್ಡವ್ವ ಎನ್ನುತ್ತಿದ್ದೆ. ಮುಗಿದ ಎರಡು ಚೀಟಿಗಳ ಪುಸ್ತಕವನ್ನು ನೋಡಲು ಕೊಟ್ಟರು, ಆದರೆ ಅಂಕಿ ಮಾತ್ರ ಬರೆದುಕೋ, ಹೆಸರು ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದರು. ಆಗಲಿ ಎಂದೆ. ಅವರು ಯಾರದೋ ರಾಗಿ ಬೀಸಲು ಒಳಗೆ ಹೋದಾಗ ಪುಟಗಳ ಫೋಟೋ ತೆಗೆದುಕೊಂಡೆ. ಹೆಸರು, ಗಂಡನ ಹೆಸರು, ಮನೆ ನಂಬರು ಎಲ್ಲವೂ ಅದರಲ್ಲಿ ಬಂದವು. ಇದನ್ನು ಯಾರಿಗೂ ತೋರಿಸುವ ಉದ್ದೇಶ ನನಗಿರಲಿಲ್ಲ. ತಪ್ಪು ಬರೆದುಕೊಂಡರೆ ನೋಡಿಕೊಳ್ಳೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಆದರೆ ಮಾತಿಗೆ ತಪ್ಪಿದ್ದು ತಪ್ಪಿದ್ದೇ.

ಲೆಕ್ಕ ಹಾಕಿದರೆ ಪುಸ್ತಕದಲ್ಲಿ ಓದಿದ ಹಾಗೆ ಏನೂ ಬರಲಿಲ್ಲ. ತಿಂಗಳು ಕಳೆದಂತೆ ಬಿಡುವ ಹಣ ಕಡಿಮೆಯಾಗುತ್ತಾ ಬರಬೇಕು. ಇಲ್ಲಿ ಒಂದು ತಿಂಗಳು ಇಪ್ಪತ್ತೈದು ಸಾವಿರ, ಮರುತಿಂಗಳು ಎರಡು ಸಾವಿರ, ಮತ್ತೆ ಇಪ್ಪತ್ತೆಂಟು. ಮೊದಲ ಚೀಟಿಯ ಏಳನೇ ತಿಂಗಳಲ್ಲಂತೂ ಬರೀ ಒಂದು ಸಾವಿರಕ್ಕೆ ಮುಗಿದಿತ್ತು. ಅದನ್ನು ಎತ್ತಿದವಳು ನಮ್ಮವ್ವ. ನನ್ನ ಕಾಲೇಜಿನ ಫೀಸಿಗೆ ಅವ್ವ ಚೀಟಿ ಎತ್ತಿದ್ದು ನನಗೆ ಗೊತ್ತಿತ್ತು, ಅವತ್ತು ಬೇರೆ ಯಾರಿಗೂ ಬೇಕಾಗಿರಲಿಲ್ಲ, ಅವ್ವನ ಅದೃಷ್ಟ ಎಂದುಕೊಂಡಿದ್ದೆ. ಅಂಕಿಗಳು ಮಾತು ಕೇಳದಿದ್ದಾಗ ನನಗೆ ಅಂಕಿಗಳ ಹಿಂದಿನ ಜನರ ಮೇಲೆ ಕೋಪ ಬಂತು. ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಠೀವಿಯಿಂದ ಬರೆದೆ: ಈ ಸದಸ್ಯರಿಗೆ ಹಣದ ಬೆಲೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬ ತಿಳಿವಳಿಕೆ ಇಲ್ಲ, ಇವರಿಗೆ ಹಣಕಾಸಿನ ಶಿಕ್ಷಣ ಕೊಡಬೇಕು. ಆ ವಾಕ್ಯವನ್ನು ಬರೆದು ಮುಗಿಸಿದಾಗ ನನಗೆ ನನ್ನ ಇಂಗ್ಲಿಷಿನ ಮೇಲೆ ಹೆಮ್ಮೆಯಾಗಿತ್ತು.

ಪುಸ್ತಕ ತರುತ್ತೇನೆ ಮೇಡಂ ಎಂದು ಹೇಳಿ ಎದ್ದೆ. ಬಾಗಿಲಲ್ಲಿ ಡಿಪಾರ್ಟ್‌ಮೆಂಟಿನ ಅಟೆಂಡರ್ ಎದುರಾದರು. ಅವರನ್ನು ನಾವೆಲ್ಲ ಅಣ್ಣ ಎಂದು ಕರೆಯುತ್ತಿದ್ದೆವು. ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಅವರ ಮನೆ. ನಾನು ಕಾಲೇಜಿಗೆ ಸೇರಿದ ದಿನ ಅರ್ಜಿಯಲ್ಲಿ ಎಲ್ಲೆಲ್ಲಿ ಸಹಿ ಹಾಕಬೇಕು ಎಂದು ಬೆರಳಿಟ್ಟು ತೋರಿಸಿದ್ದವರು ಅವರೇ. ಮುಖ ಸಪ್ಪಗಿದೆಯಲ್ಲ, ನೀರು ಕುಡಿದು ಹೋಗು ಎಂದರು. ಕುಡಿಯದೆ ಓಡಿದೆ.

ಗಿರಣಿಗೆ ಹೋದಾಗ ನಾಲ್ಕೂವರೆ. ದೊಡ್ಡವ್ವ ಒಬ್ಬರೇ ಇದ್ದರು, ರೆಪ್ಪೆಯವರೆಗೂ ಹಿಟ್ಟು. ವಿಷಯ ಹೇಳಿ, ಒಂದು ದಿನದ ಮಟ್ಟಿಗೆ ಪುಸ್ತಕ ಕೊಡಿ ಎಂದೆ.

"ಪುಸ್ತಕ ಈ ಮನೆಯಿಂದ ಆಚೆಗೆ ಓಗಕ್ಕಿಲ್ಲ ಕಣವ್ವ," ಎಂದರು.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಮೂರು ವರ್ಷದ ಓದು ಮಣ್ಣುಪಾಲಾಗುತ್ತದೆ, ನಿಮಗೇನು ಹೋಗಬೇಕು ಎಂದು ಕೂಗಾಡಿದೆ. ಒಂದು ಪುಸ್ತಕ ಕೊಡುವುದಕ್ಕೆ ಇಷ್ಟು ಬಿಗುಮಾನವೇ ಎಂದೂ ಅಂದುಬಿಟ್ಟೆ. ಅವರು ಬೀಸುತ್ತಿದ್ದ ಯಂತ್ರವನ್ನು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನಮ್ಮ ಬಗ್ಗೆ ಏನಂತ ಬರೆದಿದ್ದೀಯ, ಓದು ಎಂದರು. ಸಂಖ್ಯೆಗಳನ್ನು ಓದಿದೆ. ಕೊನೆಯಲ್ಲಿ ಏನು ಬರೆದಿದ್ದೀಯ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಅಷ್ಟು ಗತ್ತಾಗಿದ್ದ ವಾಕ್ಯವನ್ನು ಕನ್ನಡದಲ್ಲಿ, ನನ್ನನ್ನು ಎತ್ತಿ ಆಡಿಸಿದವರ ಎದುರಿಗೆ ಹೇಳಬೇಕಾಯಿತು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕೂಗೋದು ಶಾಸ್ತ್ರಕ್ಕೆ ಕಣವ್ವ. ಯಾರಿಗೆ ಯಾವ ತಿಂಗಳು ಅಂತ ಇಲ್ಲೇ, ಈ ಗಿರಣಿ ಮುಂದೆ ರಾಗಿ ಡಬ್ಬ ಇಟ್ಕಂಡು ನಿಂತಾಗಲೇ ತೀರ್ಮಾನ ಆಗ್ಬುಟ್ಟಿರ್ತದೆ," ಎಂದರು.

ಆಮೇಲೆ ಬಿಡಿಸಿ ಹೇಳಿದರು. ಆಸ್ಪತ್ರೆ, ಬಾಣಂತನ, ಮಕ್ಕಳ ಫೀಸು ಎಂದರೆ ಆ ತಿಂಗಳು ಮಿಕ್ಕವರು ಬಾಯಿ ಬಿಡುವುದಿಲ್ಲ. ಬೇಕಾದವಳು ಸಾವಿರವೋ ಎರಡು ಸಾವಿರವೋ ಕೂಗುತ್ತಾಳೆ, ಚೀಟಿ ಅಲ್ಲಿಗೆ ಮುಗಿಯುತ್ತದೆ. ಚಿನ್ನದ ಸರಕ್ಕೋ ದೊಡ್ಡ ಟೀವಿಗೋ ಎತ್ತುವವಳು ಬಂದರೆ ಇಬ್ಬರು ಮೂವರು ಬೇಕೆಂದೇ ಎದುರು ಕೂಗಿ ಇಪ್ಪತ್ತೈದಕ್ಕೋ ಮೂವತ್ತಕ್ಕೋ ಏರಿಸುತ್ತಾರೆ. ಹಾಗೆ ಬಂದ ಹಂಚಿಕೆಯಿಂದ ಕಡಿಮೆಗೆ ಬಿಟ್ಟುಕೊಟ್ಟ ತಿಂಗಳ ನಷ್ಟ ತುಂಬುತ್ತದೆ. ಚಿಕ್ಕಂದಿನಿಂದ ಆ ಜಗಲಿಯ ಮೂಲೆಯಲ್ಲಿ ಕೂತು ಆ ಕೂಗಾಟವನ್ನು ನೋಡಿದವಳು ನಾನು. ಅದು ನಿಜವಾದ ಪೈಪೋಟಿ ಎಂದು ನಂಬಿದ್ದೆ. ಮೂರು ವರ್ಷ ಓದಿಯೂ ನಂಬಿದ್ದೆ. ಹಣದ ಬೆಲೆ ಯಾರಿಗೆ ಯಾವಾಗ ಎಷ್ಟು ಎಂಬುದು ಅವರಿಗೆ ತಿಳಿದಷ್ಟು ನನ್ನ ರಿಪೋರ್ಟಿಗೆ ತಿಳಿದಿರಲಿಲ್ಲ.

ಏಳನೇ ತಿಂಗಳು ಅವ್ವನಿಗೆ ಅಂತ ಎಲ್ಲರೂ ಸುಮ್ಮನಿದ್ದರಾ ಎಂದು ಕೇಳಿದೆ. ದೊಡ್ಡವ್ವ ಪಕ್ಕದಲ್ಲಿದ್ದ ರಾಗಿ ಡಬ್ಬದ ಮುಚ್ಚಳ ಹಾಕಿದರು. ಆ ತಿಂಗಳು ಬೇಕು ಅಂದಿದ್ದು ನಿಮ್ಮವ್ವ ಒಬ್ಬಳೇ ಅಲ್ಲ ಎಂದರು. ಇನ್ನೊಬ್ಬಳಿಗೆ ಗರ್ಭಕೋಶದ ಆಪರೇಷನ್‌ಗೆ ದಿನ ಗೊತ್ತಾಗಿತ್ತಂತೆ. ನನ್ನ ಫೀಸಿಗೆ ಕಡೇ ದಿನ ಹತ್ತಿರ ಬಂದಿದೆ ಎಂದು ಇಲ್ಲೇ ಗಿರಣಿಯಲ್ಲಿ ಕೇಳಿ, ಆ ಮಗೀದು ಮೊದಲು ಆಗಲಿ, ನಂದು ಇನ್ನೆರಡು ತಿಂಗಳು ತಡಕೊಂಡೇನು ಎಂದಳಂತೆ. ಎರಡು ತಿಂಗಳು ಆ ನೋವಿನಲ್ಲೇ ಗಾರ್ಮೆಂಟ್ಸಿಗೆ ಹೋಗಿ ಬಂದು, ಒಂಬತ್ತನೇ ತಿಂಗಳು ಚೀಟಿ ಎತ್ತಿ ಆಪರೇಷನ್ ಮಾಡಿಸಿಕೊಂಡಳಂತೆ. ಯಾರು ಎಂದು ಕೇಳಿದೆ. ನಮ್ಮ ಡಿಪಾರ್ಟ್‌ಮೆಂಟಿನ ಅಟೆಂಡರ್ ಹೆಂಡತಿ ಎಂದರು.

"ಅವಳ ಗಂಡಂಗೆ ಚೀಟಿ ಇಚಾರ ಗೊತ್ತಿಲ್ಲ. ಆಪರೇಷನ್ ದುಡ್ಡು ತವರುಮನೆ ಅಣ್ಣ ಕೊಟ್ಟ ಅಂತ ಯೋಳವ್ಳೆ. ಹಿಂದೆ ಒಂದ್ಸಲ ಗಂಡಂಗೆ ಗೊತ್ತಾಗಿ, ಅವಳು ಕೂಡಿಟ್ಟಿದ್ದನ್ನೆಲ್ಲ ತನ್ನ ತಮ್ಮನ ಬೈಕಿಗೆ ಕೊಟ್ಬುಟ್ಟ. ಈಗ್ಲೂ ಇನ್ನೊಂದು ಚೀಟಿ ಕಟ್ತಾವ್ಳೆ. ಈ ಪುಸ್ತಕ ಆಚೆಗೋದ್ರೆ ಅವಳ ಪಾಡೇನು, ನೀನೇ ಯೋಳು."

ಚೂಡಿದಾರದ ಜೇಬಿನಲ್ಲಿದ್ದ ಫೋನಿನ ಮೇಲೆ ಕೈಯಿಟ್ಟುಕೊಂಡು ಮನೆಗೆ ನಡೆದೆ. ಆ ಫೋಟೋಗಳು ನನ್ನ ಹತ್ತಿರ ಇವೆ ಎಂದು ದೊಡ್ಡವ್ವನಿಗೆ ಹೇಳುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ಅವ್ವ ಉಪ್ಪಿಟ್ಟು ಮಾಡಿ ಬಡಿಸಿದಳು. ಅವ್ವ, ಆ ತಿಂಗಳು ನಿನಗೆ ಗೊತ್ತಿತ್ತಾ ಎಂದು ಕೇಳಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಗೊತ್ತಿಲ್ಲದೆ ಹೇಗಿರುತ್ತದೆ? ಗೊತ್ತಿದ್ದೂ ಎತ್ತಿದ್ದಾಳೆ, ನನಗೋಸ್ಕರ. ಬಸ್ಸಿನಲ್ಲಿ ನಿರ್ಧಾರ ಮಾಡಿಕೊಂಡೆ: ಪುಸ್ತಕ ಸಿಗಲಿಲ್ಲ ಎನ್ನುತ್ತೇನೆ, ಕೂಗು ಮೊದಲೇ ಗೊತ್ತಾಗಿರುತ್ತದೆ ಎಂಬುದನ್ನು ವಿವರಿಸುತ್ತೇನೆ, ಅಷ್ಟೆ. ಫೋಟೋ ಸುದ್ದಿ ಎತ್ತುವುದಿಲ್ಲ.

ವೈವಾ ಹನ್ನೊಂದಕ್ಕೆ. ಕೋಣೆಯಲ್ಲಿ ಹೊರಗಿನ ಪರೀಕ್ಷಕರು, ಪಕ್ಕದಲ್ಲಿ ನನ್ನ ಮೇಡಂ. ಪರೀಕ್ಷಕರು ಕೆಟ್ಟವರಲ್ಲ, ರಿಪೋರ್ಟನ್ನು ಸಾಲು ಬಿಡದೆ ಓದಿದ್ದರು. ನನಗೆ ಅದೇ ಗ್ರಹಚಾರವಾಯಿತು. ಮೂಲ ದಾಖಲೆ ಎಲ್ಲಿ ಎಂದರು. ಸಿಗಲಿಲ್ಲ ಸರ್ ಎಂದೆ. ಒಂದು ಸಾವಿರಕ್ಕೆ ಒಂದು ಲಕ್ಷದ ಚೀಟಿ ಯಾರು ಬಿಟ್ಟುಕೊಡುತ್ತಾರೆ ಎಂದರು. ಹಿಂದಿನ ದಿನ ಕೇಳಿದ್ದನ್ನೆಲ್ಲ ಯಾರ ಹೆಸರನ್ನೂ ಎತ್ತದೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಯ ಪುಟ ತೆಗೆದು ನನ್ನ ಕಡೆಗೆ ತಿರುಗಿಸಿದರು.

"ಇಲ್ಲಿ ಇವರಿಗೆ ತಿಳಿವಳಿಕೆ ಇಲ್ಲ ಅಂತ ಬರೆದಿದ್ದೀಯಮ್ಮ. ಈಗ ಎಲ್ಲ ತಿಳಿದೇ ಮಾಡ್ತಾರೆ ಅಂತಿದ್ದೀಯ. ನಾನು ಅನುಮಾನಪಟ್ಟ ಮೇಲೆ ಹುಟ್ಟಿದ ಕಥೆಯಾ ಇದು?"

ಮೈಯೆಲ್ಲ ಉರಿದುಹೋಯಿತು. ನಾನು ಮೂರ್ಖತನದಿಂದ ಬರೆದದ್ದು ಅಚ್ಚಾಗಿ ಕೂತಿದೆ, ನಿಜ ಹೇಳಿದರೆ ಕಥೆ ಎನ್ನುತ್ತಾರೆ. ಮೇಡಂ ಕಣ್ಣಿನಲ್ಲೇ ಸುಮ್ಮನಿರು ಎಂದರು. ನಾನು ಸುಮ್ಮನಿರುವ ಜಾತಿಯಲ್ಲ.

"ಕಥೆ ಅಲ್ಲ ಸರ್. ಪುಸ್ತಕದ ಫೋಟೋ ಇದೆ ನನ್ನ ಹತ್ತಿರ," ಎಂದುಬಿಟ್ಟೆ.

ಆಡಿದ ಮಾತು, ಒಡೆದ ಮುತ್ತು. ಪರೀಕ್ಷಕರ ಮುಖ ಅರಳಿತು. ಅದನ್ನು ಮೊದಲೇ ಹೇಳಬಾರದಿತ್ತೇ, ಪ್ರಿಂಟ್ ತೆಗೆಸಿ ಫೈಲಿಗೆ ಸೇರಿಸಿದರೆ ಕೆಲಸ ಮುಗಿಯಿತು ಎಂದರು. ಮೇಡಂ ಉಸಿರು ಬಿಟ್ಟಿದ್ದು ನನಗೂ ಕೇಳಿಸಿತು. ಅಷ್ಟರಲ್ಲಿ ಅಟೆಂಡರ್ ಅಣ್ಣ ಟೀ ತಟ್ಟೆ ಹಿಡಿದು ಒಳಗೆ ಬಂದರು. ಪರೀಕ್ಷಕರು ಸಹಜವಾಗಿ ಅವರ ಕಡೆ ಕೈ ತೋರಿಸಿ, ಇವರ ಫೋನಿಗೆ ಕಳಿಸಿಬಿಡು, ಆಫೀಸಿನಲ್ಲಿ ಪ್ರಿಂಟ್ ತರುತ್ತಾರೆ ಎಂದರು. ಅಣ್ಣ ಟೀ ಇಟ್ಟು, ಅಂಗಿಯ ಜೇಬಿನಿಂದ ಫೋನ್ ತೆಗೆದು, ಕನ್ನಡಕ ಹಾಕಿಕೊಂಡು, ಕಳಿಸವ್ವ ಎಂದು ನನ್ನ ಪಕ್ಕದಲ್ಲಿ ಬಂದು ನಿಂತರು.

ಫೋಟೋ ನನ್ನ ಪರದೆಯ ಮೇಲೆ ತೆರೆದುಕೊಂಡಿತ್ತು. ಏಳನೇ ತಿಂಗಳ ಪುಟ. ಇಪ್ಪತ್ತು ಹೆಸರುಗಳಲ್ಲಿ ಹನ್ನೊಂದನೆಯದು ಅಣ್ಣನ ಹೆಂಡತಿಯದು, ಪಕ್ಕದಲ್ಲಿ ಅವರದೇ ಹೆಸರು, ಮನೆ ನಂಬರು, ಐದು ಸಾವಿರಕ್ಕೆ ಸರಿ ಗುರುತು. ಫೋನನ್ನು ಎದೆಗೆ ಒತ್ತಿಕೊಂಡೆ. ನಾನೇ ಹೋಗಿ ತರುತ್ತೇನೆ ಸರ್ ಎಂದೆ. ವೈವಾ ನಡುವೆ ನೀನು ಹೊರಗೆ ಹೋಗುವ ಹಾಗಿಲ್ಲ ಎಂದರು ಪರೀಕ್ಷಕರು. ಹೆಸರು ಮುಚ್ಚಿ ಕೊಡಬಹುದೇ ಎಂದೆ. ಮುಚ್ಚಿದ ಪುಟಕ್ಕೂ ನೀನು ಟೈಪ್ ಮಾಡಿದ ಪಟ್ಟಿಗೂ ಏನು ವ್ಯತ್ಯಾಸ ಎಂದರು. ಹಾಗಾದರೆ ಇಲ್ಲೇ, ನಿಮಗೊಬ್ಬರಿಗೆ ತೋರಿಸುತ್ತೇನೆ ಎಂದೆ. ನೋಡಿ ಪ್ರಯೋಜನವಿಲ್ಲಮ್ಮ, ಫೈಲಿನಲ್ಲಿ ಇರಬೇಕು ಎಂದರು. ಆ ಫೈಲುಗಳನ್ನು ಹೊಲಿದು, ಪುಟ ಎಣಿಸಿ, ಪರೀಕ್ಷಾ ವಿಭಾಗಕ್ಕೆ ಹೊತ್ತುಕೊಂಡು ಹೋಗುವವರೂ ಅಣ್ಣನೇ.

ಎಂ.ಎ. ಸೀಟು, ಅವ್ವ, ಒಂದು ವರ್ಷ, ಎಲ್ಲವೂ ಕಣ್ಣ ಮುಂದೆ ಬಂದವು. ಸುಳ್ಳೇಕೆ, ಕಳಿಸಿಬಿಡೋಣ ಎಂದೂ ಒಂದು ಕ್ಷಣ ಅನ್ನಿಸಿತು. ಆ ಹೆಂಗಸು ನನಗೆ ಏನು ಅಕ್ಕನೇ ತಂಗಿಯೇ, ಅಣ್ಣ ಪುಟ ನೋಡದೆಯೂ ಇರಬಹುದು ಎಂದು ಮನಸ್ಸು ವಾದ ಹೂಡಿತು. ಆಮೇಲೆ ನೋವು ಹೊತ್ತುಕೊಂಡು ಗಾರ್ಮೆಂಟ್ಸ್ ಬಸ್ ಹತ್ತಿದ ಆ ಎರಡು ತಿಂಗಳು ನೆನಪಾಯಿತು. ಫೋನನ್ನು ಯಾರಿಗೂ ಕಾಣದ ಹಾಗೆ ವಾಲಿಸಿಕೊಂಡು ಎಲ್ಲ ಫೋಟೋಗಳನ್ನೂ ಆರಿಸಿ, ಅಳಿಸುವ ಗುರುತಿನ ಮೇಲೆ ಬೆರಳಿಟ್ಟೆ.

"ಫೋಟೋ ಇಲ್ಲ ಸರ್," ಎಂದೆ.

ಪರೀಕ್ಷಕರು ನನ್ನನ್ನು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಕೋಪ ಇರಲಿಲ್ಲ, ಬೇಸರ ಇತ್ತು. ರಿಪೋರ್ಟನ್ನು ಮುಚ್ಚಿ, ನೀನು ಹೋಗಬಹುದು ಎಂದರು. ಮೇಡಂ ತಲೆ ಎತ್ತಲಿಲ್ಲ.

ಫಲಿತಾಂಶದಲ್ಲಿ ಪ್ರಾಜೆಕ್ಟಿನ ಮುಂದೆ ಫೇಲು ಎಂದೇ ಬಂತು. ಎಂ.ಎ. ಸೀಟು ಹೋಯಿತು. ವೈವಾದಲ್ಲಿ ಸರಿಯಾಗಿ ಉತ್ತರ ಹೇಳಲಿಲ್ಲ ಎಂದು ಅವ್ವನಿಗೆ ಹೇಳಿದೆ. ಅವಳು ಎರಡು ದಿನ ಮಾತು ಬಿಟ್ಟಳು. ಮುಂದಿನ ವರ್ಷ ಎಲ್ಲರ ಹಾಗೆ ನಾನೂ ಷೇರು ಬೆಲೆಗಳನ್ನು ಇಳಿಸಿಕೊಂಡು, ಎಲ್ಲರೂ ಬರೆಯುವುದನ್ನೇ ಬರೆದೆ. ಮೂಲ ದಾಖಲೆ ಯಾರೂ ಕೇಳಲಿಲ್ಲ, ಒಳ್ಳೆಯ ಅಂಕ ಬಂತು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಆ ಪರೀಕ್ಷಕರ ಮೇಲಲ್ಲ, ಕೊನೆಯ ಪುಟದಲ್ಲಿ ಆ ವಾಕ್ಯ ಬರೆದವಳ ಮೇಲೆ. ಅದೊಂದು ಇಲ್ಲದಿದ್ದರೆ ಅವರು ನನ್ನ ಮಾತನ್ನು ನಂಬುತ್ತಿದ್ದರೋ ಏನೋ.

ವೈವಾದ ದಿನ ಆ ಕೋಣೆಯಿಂದ ಹೊರಗೆ ಬಂದವಳು ಕಾರಿಡಾರಿನ ಗೋಡೆಗೆ ಒರಗಿ ನಿಂತೆ. ಖಾಲಿ ಟೀ ಲೋಟಗಳ ತಟ್ಟೆ ಹಿಡಿದುಕೊಂಡು ಅಣ್ಣ ಹಿಂದೆಯೇ ಬಂದರು. ಆ ಕಡೆ ಈ ಕಡೆ ನೋಡಿ, ಯಾರಿಗೂ ಕೇಳಿಸದ ಹಾಗೆ ದನಿ ತಗ್ಗಿಸಿದರು. ಮನೆಯ ಹೆಣ್ಣುಮಗಳಿಗೆ ಬುದ್ಧಿ ಹೇಳುವ ದನಿ ಅದು.

"ಓದೋ ಮಕ್ಳು ಇಲ್ದೇ ಇರೋದನ್ನ ಅದೆ ಅನ್ಬಾರ್ದು ಕಣವ್ವ. ನಿನ್ನ ಫೀಸಿಗೆ ನಿಮ್ಮವ್ವ ಎಷ್ಟು ಕಷ್ಟಪಟ್ಟವ್ಳೆ ಅಂತ ನಂಗೊತ್ತು. ನನ್ನ ಹೆಂಡ್ತಿನೇ ಯೋಳ್ತಿದ್ಲು."

ಹೂಂ ಅಣ್ಣ, ತಪ್ಪಾಯಿತು ಎಂದೆ.